ದಾರ ಕಟ್ಟಿದ ಆರು ಗೋಣಿ

ಮಕ್ಕಳೇ, ನಿಮ್ಮ ಅಜ್ಜ, ಅಂದರೆ ನನ್ನ ಯಜಮಾನರು, ಬಂದರಿನ ಒಂದು ಅಕ್ಕಿ ಗೋದಾಮಿನಲ್ಲಿ ರೈಟರ್ ಆಗಿದ್ದರು. ಬಂದ ಗೋಣಿ, ಹೋದ ಗೋಣಿ ಬರೆದಿಡುವ ಕೆಲಸ. ಅವರು ತೀರಿಕೊಂಡ ಮೇಲೆ ಧಣಿಗಳು ಅದೇ ಕುರ್ಚಿಯನ್ನು ನನಗೆ ಕೊಟ್ಟರು. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು, ನಾಲ್ಕು ಜನರ ಮುಂದೆ ಬಾಯಿ ಬಿಡದವಳು. ಗೋದಾಮಿನಲ್ಲಿ ಅದರಿಂದ ತೊಂದರೆಯಾಗಲಿಲ್ಲ. ಕಂಪ್ಯೂಟರ್ ಬಂದಾಗಲೂ ಕಷ್ಟವೆನಿಸಲಿಲ್ಲ. ಪುಸ್ತಕದಲ್ಲಿ ಬರೆಯುತ್ತಿದ್ದುದನ್ನು ಅದರಲ್ಲಿ ಹಾಕಿದೆ, ಅಷ್ಟೆ.

ಗೋದಾಮಿನಲ್ಲಿ ಒಂದು ಕ್ರಮವಿತ್ತು. ಹಳೆಯ ಗಿರಾಕಿಗಳು ಬಂದು, ಇಷ್ಟು ಗೋಣಿ ನನಗಿರಲಿ ಎಂದು ಬಾಯಿಮಾತಿನಲ್ಲಿ ಹೇಳಿದರೆ, ಅಷ್ಟು ಗೋಣಿಗಳ ಬಾಯಿಯ ಮೂಲೆಯಲ್ಲಿರುವ ಕಿವಿಗೆ ಕೆಂಪು ದಾರ ಕಟ್ಟುತ್ತಿದ್ದೆವು. ಅವನ್ನು ಬೇರೆಯವರಿಗೆ ಕೊಡುವಂತಿಲ್ಲ. ಅದನ್ನು ಎಲ್ಲಿಯೂ ಬರೆಯುತ್ತಿರಲಿಲ್ಲ. ಕೊಟ್ಟಾರ ಎಂಬಲ್ಲಿರುವ ಧಣಿಗಳದ್ದೇ ಅಂಗಡಿಯವರು ಫೋನ್ ಮಾಡಿ, "ಕುಚ್ಚಲಕ್ಕಿ ಎಷ್ಟುಂಟು?" ಎಂದು ಕೇಳಿದರೆ, ನಾನು ದಾರದ ಗೋಣಿಗಳನ್ನು ಕಳೆದು ಉಳಿದ ಲೆಕ್ಕ ಹೇಳುತ್ತಿದ್ದೆ. ಕಳೆದು ಹೇಳುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕೆಂದು ನನಗೂ ಅನಿಸಿರಲಿಲ್ಲ.

ಆಮೇಲೆ ಧಣಿಗಳ ಮಗಳು ಗೋದಾಮು, ಅಂಗಡಿ, ಲಾರಿ ಈ ಮೂರರ ಸಾಫ್ಟ್‌ವೇರುಗಳನ್ನು ಒಂದಕ್ಕೊಂದು ಜೋಡಿಸಬೇಕೆಂದರು. ಶನಿವಾರ ಬೆಳಿಗ್ಗೆ ಅಂಗಡಿಯ ಮಾಳಿಗೆಯಲ್ಲಿ ನಮಗೆ ಕ್ಲಾಸು. ಕಲಿಸಲು ಬಂದ ಇಂಜಿನಿಯರ್ ಕೊಂಕಣಿ ಮಾತಾಡುವ ಹುಡುಗಿ, ನನ್ನ ಮಗಳಿಗಿಂತಲೂ ಚಿಕ್ಕವರು. ನಾನು ಅವರನ್ನು ಟೀಚರ್ ಎಂದೇ ಕರೆದೆ. ಅವರು ಹಲಗೆಯ ಮೇಲೆ ಮೂರು ಮನೆ ಬರೆದರು. ಒಂದು ಮನೆಯವರು ಇನ್ನೊಂದು ಮನೆಯ ಒಳಗೆ ಹೋಗಿ ಡಬ್ಬಿ ಮುಚ್ಚಳ ತೆಗೆದು ನೋಡಬಾರದು, ಬಾಗಿಲಲ್ಲಿ ನಿಂತು ಕೇಳಬೇಕು ಎಂದರು. ಯಾವ ಪ್ರಶ್ನೆ ಕೇಳಬಹುದು, ಉತ್ತರ ಯಾವ ರೂಪದಲ್ಲಿ ಬರುತ್ತದೆ ಎಂಬುದನ್ನು ಮೊದಲೇ ಬರೆದಿಡುತ್ತಾರೆ. ಆ ಬಾಗಿಲೇ ವೆಬ್ ಸರ್ವಿಸ್. ಇಡೀ ಏರ್ಪಾಡಿಗೆ ಸರ್ವಿಸ್ ಓರಿಯೆಂಟೆಡ್ ಆರ್ಕಿಟೆಕ್ಚರ್ ಎಂದು ಹೆಸರು. ಅದನ್ನು ನಾನು ಮನೆಗೆ ಬರುವಾಗ ಬಸ್ಸಿನಲ್ಲಿ ಬಾಯಿಪಾಠ ಮಾಡಿದೆ.

ನಾಲ್ಕನೆಯ ಶನಿವಾರ ಪ್ರಯೋಗ. ಹೋಟೆಲೊಂದು ಮೂವತ್ತು ಗೋಣಿ ಕುಚ್ಚಲಕ್ಕಿ ಬೇಕೆಂದು ಕೇಳಿತ್ತು. ಅಂಗಡಿಯ ಸಾಫ್ಟ್‌ವೇರ್ ಗೋದಾಮಿನದ್ದನ್ನು ಕೇಳಿತು. ಗೋದಾಮಿನದ್ದು ಸರಿಯಾಗಿ ಮೂವತ್ತು ಉಂಟು ಎಂದಿತು. ಬಂದರಿನಲ್ಲಿ ಕಾದಿದ್ದ ಬಾಡಿಗೆ ಲಾರಿಯ ಡ್ರೈವರನ ಮೊಬೈಲಿಗೆ ಆರ್ಡರ್ ಹೋಯಿತು.

"ನೋಡಿ ರೈಟ್ರಮ್ಮ, ಇನ್ನು ನಿಮಗೆ ಫೋನ್ ಎತ್ತುವ ಕೆಲಸವೂ ಇಲ್ಲ!" ಎಂದರು ಅಂಗಡಿಯ ಮ್ಯಾನೇಜರ್. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆ ಮೂವತ್ತರಲ್ಲಿ ಆರು ಗೋಣಿಗೆ ದಾರವಿತ್ತು. ಹೊಳೆಯಾಚೆಯ ಬೆಂಗ್ರೆಯ ಒಬ್ಬ ಹೆಂಗಸು, ಕೋಳಿ ಸಾರಿನ ಜೊತೆ ತಿನ್ನುವ ಗರಿಗರಿ ಕೋರಿ ರೊಟ್ಟಿ ಮಾಡಿ ಮಾರುತ್ತಿದ್ದಳು. ಮದುವೆ ಊಟ ಮಾಡಿಸುವವರೊಬ್ಬರು ಅವಳಿಗೆ ಮೊದಲ ಸಲ ದೊಡ್ಡ ಆರ್ಡರ್ ಕೊಟ್ಟಿದ್ದರು. ರೊಟ್ಟಿ ಚೆನ್ನಾಗಿ ಬಂದರೆ ವರ್ಷವಿಡೀ ಅವಳಿಗೇ ಕೊಡುವುದೆಂದು ಮಾತಾಗಿತ್ತು. ಅವಳಿಗೆ ಆ ಮಿಲ್ಲಿನ ಅಕ್ಕಿಯೇ ಆಗಬೇಕು, ಬೇರೆಯದರಲ್ಲಿ ರೊಟ್ಟಿ ಒಡೆಯುತ್ತದೆ. ಅದೇ ಮಧ್ಯಾಹ್ನ ಅವಳು ಫೆರಿಯಲ್ಲಿ ಬಂದು ಒಯ್ಯುವವಳಿದ್ದಳು.

ಕೈ ಎತ್ತಿ ಹೇಳಿದ್ದರೆ ಆಗುತ್ತಿತ್ತು. ಒಂದು ಫೋನಿನಲ್ಲಿ ಮುಗಿಯುವ ವಿಷಯ. ನಾನು ತಲೆನೋವು ಎಂದು ಹೇಳಿ ಎದ್ದು, ಲಾರಿ ತುಂಬುವ ಮೊದಲು ಗೋದಾಮು ಮುಟ್ಟುತ್ತೇನೆ ಎಂದುಕೊಂಡು ಸಿಟಿ ಬಸ್ಸು ಹತ್ತಿದೆ. ಬಸ್ಸು ಎಲ್ಲಾ ಕಡೆ ನಿಂತು ನಿಂತು ಹೋಯಿತು.

ಗೋದಾಮಿನ ಆ ಮೂಲೆ ಖಾಲಿಯಾಗಿತ್ತು. ಲಾರಿಯ ಜೊತೆ ಬಂದ ಹೊಸ ಜನ ಕತ್ತರಿಸಿ ಎಸೆದ ಕೆಂಪು ದಾರದ ತುಂಡುಗಳು ನೆಲದ ಮೇಲೆ ಬಿದ್ದಿದ್ದವು. ಆರು ಇದ್ದವು. ಹೆಕ್ಕಿ ಮೇಜಿನ ಮೇಲೆ ಇಟ್ಟೆ. ಸ್ವಲ್ಪ ಹೊತ್ತಿನಲ್ಲಿ ಅವಳು ಕೈಗಾಡಿ ತಳ್ಳಿಸಿಕೊಂಡು ಬಂದಳು.

"ಅಕ್ಕ, ನನ್ನ ಅಕ್ಕಿ ಎಲ್ಲಿ?"

ಆದದ್ದನ್ನು ಹೇಳಿದೆ.

"ನಿಮ್ಮ ಕಂಪ್ಯೂಟರಿಗೆ ಕಣ್ಣು ಇಲ್ವಾ ಮಾರಾಯ್ರೆ? ಇಷ್ಟು ಕೆಂಪು ದಾರ ಕಾಣುದಿಲ್ವಾ?" ಎಂದಳು. ಆಮೇಲೆ ನನ್ನನ್ನೇ ನೋಡಿ, "ಅದಕ್ಕೆ ಕಣ್ಣು ಇಲ್ಲ ಅಂತ ಇಡುವ. ನಿಮಗೆ ಬಾಯಿ ಉಂಟಲ್ಲ?" ಎಂದಳು.

ಆಗ ನಾನು ಟೀಚರಿಗೆ ಫೋನ್ ಮಾಡಿದೆ. ಅಲ್ಲಿಯವರೆಗೆ ನಾನಾಗಿ ಯಾರಿಗೂ ಕೆಲಸದ ಫೋನ್ ಮಾಡಿದವಳಲ್ಲ. ಅವರು ಪೂರ್ತಿ ಕೇಳಿ, "ಅಯ್ಯೋ ಆಂಟಿ, ಕ್ಲಾಸಿನಲ್ಲೇ ಯಾಕೆ ಹೇಳ್ಲಿಲ್ಲ? ಇದು ನನಗೆ ಹೇಗೆ ಗೊತ್ತಾಗ್ಬೇಕು?" ಎಂದರು. ಕೂಡಲೇ ಅವರೇ ಮ್ಯಾನೇಜರಿಗೆ ತಿಳಿಸಿದರು. ಅಷ್ಟರಲ್ಲಿ ಲಾರಿ ಹೋಟೆಲಿನಲ್ಲಿ ಗೋಣಿ ಇಳಿಸಿಯಾಗಿತ್ತು. ಮ್ಯಾನೇಜರ್ ಬಹಳ ಕೇಳಿಕೊಂಡ ಮೇಲೆ ಹೋಟೆಲಿನವರು ಮೂರು ಗೋಣಿ ಹಿಂದೆ ಕೊಟ್ಟರು. ಉಳಿದ ಮೂರಕ್ಕೆ ಅವಳು ಬೇರೆ ಮಿಲ್ಲಿನ ಅಕ್ಕಿ ಒಯ್ದಳು. ಆ ಅಕ್ಕಿಯ ರೊಟ್ಟಿ ಮದುವೆಮನೆ ಮುಟ್ಟುವಾಗ ಅರ್ಧಕ್ಕರ್ಧ ಪುಡಿಯಾಗಿತ್ತಂತೆ. ಊಟದವರು ಮುಂದಿನ ಆರ್ಡರನ್ನು ಬೇರೆಯವರಿಗೆ ಕೊಟ್ಟರು.

ಮುಂದಿನ ಶನಿವಾರ ಟೀಚರ್ ನನ್ನನ್ನು ಹಲಗೆಯ ಹತ್ತಿರ ಕರೆದು ದಾರದ ಕ್ರಮ ಹೇಳಿಸಿದರು. ಎರಡು ಸಲ ಅರ್ಧಕ್ಕೇ ನಿಂತು, ಮೂರನೆಯ ಸಲಕ್ಕೆ ಹೇಳಿ ಮುಗಿಸಿದೆ. ಯಾರೂ ನಗಲಿಲ್ಲ. ಮ್ಯಾನೇಜರ್ ಮಾತ್ರ, "ಹಾಗಾದ್ರೆ ಇಷ್ಟು ವರ್ಷ ನೀವು ನಮಗೆ ಕಡಿಮೆ ಲೆಕ್ಕ ಹೇಳ್ತಾ ಇದ್ದದ್ದಾ!" ಎಂದರು. ಗೋದಾಮಿನ ಬಾಗಿಲಲ್ಲಿ ಕೇಳುವ ಪ್ರಶ್ನೆಯನ್ನು ಟೀಚರ್ ಅಂದೇ ಬದಲಿಸಿದರು. ಎಷ್ಟುಂಟು ಎಂದಲ್ಲ, ಕೊಡಲಿಕ್ಕೆ ಎಷ್ಟುಂಟು ಎಂದು. ಅದಕ್ಕಾಗಿ ದಾರ ಕಟ್ಟಿದ ಗೋಣಿಗಳನ್ನು ನಾನು ಬೇರೆ ಕಾಲಂನಲ್ಲಿ ಹಾಕಬೇಕು.

ಬೆಂಗ್ರೆಯವಳು ಈಗಲೂ ಅಂಗಡಿಗಳಿಗೆ ರೊಟ್ಟಿ ಮಾಡುತ್ತಾಳೆ, ಒಂದು ಸಲಕ್ಕೆ ಎರಡೇ ಗೋಣಿ ಹೇಳುತ್ತಾಳೆ. ನಾನು ಟೈಪ್ ಮಾಡಿ ಮುಗಿಸುವವರೆಗೆ ಮೇಜಿನ ಹತ್ತಿರ ನಿಂತಿರುತ್ತಾಳೆ.

"ಆಯ್ತಾ?"

"ಆಯ್ತು."

"ಇನ್ನು ದಾರ ಕಟ್ಟಿ."

ನಾನು ಎದ್ದು ಹೋಗಿ ದಾರವನ್ನೂ ಕಟ್ಟುತ್ತೇನೆ.