ಬ್ಯಾಡಗಿಯಲ್ಲಿ ಮೂಸಿದ ಪೈಪು

ಶನಿವಾರ ಬೆಳಿಗ್ಗೆ ಹಾವೇರಿಯಲ್ಲಿ ರಾಣೆಬೆನ್ನೂರಿನ ಬಸ್ ಹತ್ತಿದಾಗ ನನ್ನ ಕೈಚೀಲದಲ್ಲಿದ್ದದ್ದು ಮೊಳದುದ್ದದ ಪಾಯಖಾನೆ ಪೈಪು. ಎರಡೂ ತುದಿಗೆ ಪ್ಲಾಸ್ಟಿಕ್ ಬಿಗಿದಿದ್ದೆ. ಆದರೂ ಪಕ್ಕದಲ್ಲಿ ಕುಳಿತ ಅಜ್ಜ ಎರಡು ಸಲ ತನ್ನ ಚಪ್ಪಲಿಯ ತಳ ತಿರುಗಿಸಿ ನೋಡಿಕೊಂಡ. ಗಂಟು ಸಡಿಲಾಗಿರಬೇಕು ಅಂದುಕೊಂಡು ನಾನು ಕಿಟಕಿಯಾಚೆ ಮುಖ ಮಾಡಿದೆ.

ಪೈಪು ನಮ್ಮ ಹಾಯಿದೋಣಿಯದು, ಅಳತೆಗೆಂದು ಕತ್ತರಿಸಿ ತಂದದ್ದು. ಕನ್ನಡಕದ ಅಂಗಡಿ ನಡೆಸುವ ನಾನೂ ನರ್ಸ್ ಆಗಿರುವ ಹೆಂಡತಿ ವಿಮಲಾಳೂ ಸೇರಿ ಕಾರವಾರದಲ್ಲಿ ಹಳೆಯ ದೋಣಿಯೊಂದನ್ನು ಕೊಂಡಿದ್ದೆವು. ಹಾಯಿ ಬಿಚ್ಚುವುದನ್ನು ನನಗಿಂತ ಬೇಗ ಕಲಿತವಳು ಆಕೆ. ಆದರೆ ದೋಣಿಯ ಪುಟ್ಟ ಕೋಣೆಯಲ್ಲಿ ಕಕ್ಕಸಿನ ನಾತ. ಎಷ್ಟು ತೊಳೆದರೂ ಹೋಗದು. "ಆಸ್ಪತ್ರ್ಯಾಗೂ ಅದೇ ವಾಸನಿ, ಇಲ್ಲೂ ಅದೇ. ಇದನ್ನ ಸರಿ ಮಾಡೋತನಕ ನಾ ಕಾಲಿಡೂದಿಲ್ಲ" ಎಂದಿದ್ದಳು. ಈಗ ಆಕೆಗೆ ಬೀದರಿಗೆ ವರ್ಗವಾಗಿತ್ತು, ಸೋಮವಾರ ಹೊರಡಬೇಕು. ಇಬ್ಬರೂ ಕಡಲಿಗಿಳಿಯಲು ಉಳಿದದ್ದು ನಾಳಿನ ಭಾನುವಾರ ಒಂದೇ. ಆಮೇಲೆ ಮಳೆಗಾಲ.

ರಾಣೆಬೆನ್ನೂರಿನಲ್ಲಿ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಬೀಜದಂಗಡಿಗಳ ನಡುವಿನ ಪೈಪಿನಂಗಡಿಯವನು "ದೋಣಿ? ಹಾವೇರ್ಯಾಗ?" ಎಂದು ನಕ್ಕುಬಿಟ್ಟ. ಆಮೇಲೆ ದಪ್ಪ ರಬ್ಬರ್ ಪೈಪಿನ ಒಂದೇ ಒಂದು ಸುರುಳಿ ಎಳೆದು ತಂದ. ನಮ್ಮದು ತೆಳು ಪ್ಲಾಸ್ಟಿಕ್. ಅಂಥದರಲ್ಲಿ ಹೊಲಸು ನಿಂತು ನಿಂತು ನಾತ ಪೈಪಿನ ಮೈಯಿಂದಲೇ ಹೊರಬೀಳುತ್ತದೆಂದು ವಿಡಿಯೊದಲ್ಲಿ ನೋಡಿದ್ದೆ. ಪರೀಕ್ಷೆಯೂ ಗೊತ್ತಿತ್ತು: ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಪೈಪಿಗೆ ಸುತ್ತಿ, ಆರಿದ ಮೇಲೆ ಬಟ್ಟೆ ಮೂಸಬೇಕು. ನಾತ ಬಂದರೆ ಪೈಪೇ ಕೆಟ್ಟಿದೆ; ಬಾರದಿದ್ದರೆ ಜೋಡಣೆ ಸಡಿಲ, ಅದನ್ನು ಬಿಗಿಯುವ ಹೊಸ ಕ್ಲಾಂಪ್ ಸಾಕು. ಅಲ್ಲೇ ಪರೀಕ್ಷೆ ಮಾಡೋಣವೆಂದು ಬಿಸಿನೀರು ಕೇಳಿದೆ.

"ಇಲ್ಲಿ ಬ್ಯಾಡ್ರಿ ಮಾರಾಯ್ರ, ಗಿರಾಕಿ ಓಡಿ ಹೋಗ್ತಾರ! ಇದನ್ನ ಇನ್ನೊಬ್ರು ಕೇಳ್ಯಾರ. ಸಂಜಿತನಕ ಇಡ್ತೇನಿ, ಲಗೂ ಹೇಳ್ರಿ" ಎಂದ ಅಂಗಡಿಯವನು.

ಬ್ಯಾಡಗಿ ಹತ್ತಿರವೇ. ಅಲ್ಲಿ ವಿಮಲಾಳ ತಮ್ಮ ಬಸವರಾಜನ ಮೆಣಸಿನಕಾಯಿ ಅಂಗಡಿ ಇದೆ, ಬಿಸಿನೀರು ಸಿಗುತ್ತದೆ ಎಂದು ಹೊರಟೆ. ನಲವತ್ತು ಚಿಲ್ಲರೆ ರೂಪಾಯಿ ಟಿಕೆಟ್ಟು. ಮಾರುಕಟ್ಟೆಯ ಗೇಟು ದಾಟುವ ಮೊದಲೇ ಸೀನು ಶುರುವಾಯಿತು. ಕಣ್ಣಲ್ಲೂ ಮೂಗಲ್ಲೂ ನೀರು. ಬಸವರಾಜ ಚಹಾದ ಪಾತ್ರೆಯಲ್ಲಿ ನೀರು ಕಾಯಿಸಿದ. ಬಟ್ಟೆ ಸುತ್ತಿದೆವು, ಗಿರಮಿಟ್ಟು ತಿಂದೆವು, ಬಟ್ಟೆ ಆರಿತು. ನಾನು ಮೂಸಿದೆ. ಏನೂ ಇಲ್ಲ.

"ಖರೇನ ಏನೂ ಇಲ್ಲ ಮಾಮಾರ" ಎಂದ ಬಸವರಾಜ. ಚೀಲ ಹೊರುತ್ತಿದ್ದ ಹಮಾಲನೂ ಮೂಸಿ, "ಮೆಣಸಿನಕಾಯಿ ವಾಸನಿ ಐತ್ರಿ" ಎಂದ. ಎಲ್ಲರೂ ನಕ್ಕೆವು.

ಖುಷಿಯಲ್ಲಿ ರಾಣೆಬೆನ್ನೂರಿಗೆ ಫೋನ್ ಮಾಡಿ ಪೈಪು ಬೇಡವೆಂದೆ. ಎರಡು ಕ್ಲಾಂಪ್ ಕೊಂಡು ಹಾವೇರಿ ಬಸ್ ಹತ್ತಿದೆ. ಮೋಟೆಬೆನ್ನೂರು ದಾಟಿದ ಮೇಲೆ ತಂಗಾಳಿ ಬೀಸಿತು, ಕಟ್ಟಿದ್ದ ಮೂಗು ಬಿಟ್ಟಿತು. ಬೆವರು ಒರೆಸಿಕೊಳ್ಳಲು ಚೀಲಕ್ಕೆ ಕೈ ಹಾಕಿ ಅದೇ ಬಟ್ಟೆ ಎಳೆದೆ. ಅಯ್ಯಯ್ಯೋ! ಮುಖದ ಹತ್ತಿರ ತರುವ ಮೊದಲೇ ಕಕ್ಕಸಿನ ನಾತ ಮೂಗಿಗೆ ಬಡಿಯಿತು. ಪೈಪಿನಂಗಡಿಗೆ ಮತ್ತೆ ಫೋನ್ ಮಾಡಿದೆ.

"ಆಗಲೇ ಕೊಟ್ಟೆನಲ್ರಿ. ಇನ್ನೊಂದು ಬರಾಕ ವಾರ ಬೇಕು."

ಆ ಊರಿನ ಮೆಣಸಿನಕಾಯಿ ಘಾಟಿನಲ್ಲಿ ಮೂಗಿಗೆ ಏನು ತಿಳಿದೀತು ಎಂದು ಒಂದು ಗಳಿಗೆ ಯೋಚಿಸದೆ ಹೋದೆನಲ್ಲ! ದಾರಿಯುದ್ದಕ್ಕೂ ಕೈ ಕೈ ಹಿಸುಕಿಕೊಂಡೆ. ಯಾರನ್ನು ಬೈಯಲಿ?

ವಿಮಲಾ ಬಾಗಿಲಲ್ಲೇ ನಿಂತಿದ್ದಳು. "ಪೈಪ ಎಲ್ಲೈತ್ರಿ?" ಎಂದಳು. ನಡೆದದ್ದೆಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡರೆ ಗೋಡೆಗೆ ಒರಗಿ ನಗತೊಡಗಿದಳು.

"ಬ್ಯಾಡಗ್ಯಾಗ ಹುಟ್ಟಿ ಬೆಳದಾಕಿ ನಾನು. ನನಗೊಂದು ಫೋನ್ ಮಾಡಿದ್ರ ಹೇಳ್ತಿದ್ನಲ್ರಿ, ಅಲ್ಲಿ ಏನೂ ಮೂಸಬ್ಯಾಡ್ರಿ ಅಂತ."

ನಗುತ್ತಲೇ ಮೊಬೈಲ್ ಕೈಗೆತ್ತಿಕೊಂಡು, ಕಾರವಾರಕ್ಕೆ ಹೊರಡಲು ಇಟ್ಟಿದ್ದ ನಸುಕಿನ ಅಲಾರಂ ತೆಗೆದುಹಾಕಿದಳು.