ಇಪ್ಪತ್ತು ಮನೆಗಳ ಭೇಟಿ

ಅದು ಅರವತ್ತರ ದಶಕದ ಆರಂಭ. ಕುಮಟೆಯ ನಮ್ಮ ಮನೆಗೆ ಸಂಬಳ ತರುವವರು ಯಾರೂ ಇರಲಿಲ್ಲ, ನಾನು ಗ್ರಾಮಸೇವಿಕೆಯ ತರಬೇತಿಗೆ ಸೇರಿದ್ದೆ. ಪಾಠವೆಲ್ಲ ಮುಗಿದರೂ ಪ್ರಮಾಣಪತ್ರ ಕೈಗೆ ಬರಬೇಕಾದರೆ ಹಳ್ಳಿಯೊಂದರಲ್ಲಿ ಎರಡು ತಿಂಗಳಿದ್ದು, ಇಪ್ಪತ್ತು ಮನೆಗಳಿಗೆ ಭೇಟಿ ಕೊಟ್ಟು ಡೈರಿ ಬರೆಯಬೇಕು. ಮೇಲ್ವಿಚಾರಕಿ ಬಂದು ವಿಚಾರಿಸಿ ಸಹಿ ಹಾಕಬೇಕು. ನನ್ನನ್ನು ಕಳಿಸಿದ್ದು ಶಿರಾಲಿಯ ಹತ್ತಿರದ ಹಳ್ಳಿಗೆ, ಅದೂ ಭತ್ತದ ನಟ್ಟಿಯ ಕಾಲದಲ್ಲಿ. ಈ ನಿಯಮ ಮಾಡಿದವರು ಗದ್ದೆಯನ್ನೇ ಕಂಡವರಲ್ಲ ಎಂದು ಮೊದಲ ದಿನವೇ ಸಿಟ್ಟು ಬಂತು.

ಬೆಳಗಾದರೆ ಹೆಂಗಸರೆಲ್ಲ ಗದ್ದೆಯಲ್ಲಿ. ಹಾಡು ಹೇಳುತ್ತ ನೆಡುವವರಿಗೆ ನಾನು ಗದ್ದೆಯಂಚಿನಲ್ಲಿ ಕೊಡೆ ಹಿಡಿದು ನಿಂತು ಶಿಶುಪಾಲನೆಯ ಪಾಠ ಹೇಳುತ್ತಿದ್ದೆ.

“ಎಂತ ಅಕ್ಕೋರೆ, ಅಲ್ಲೇ ನಿಂತ್ರೆ ಆತಾ? ಇಳೀರಿ,” ಎಂದು ನಗುತ್ತಿದ್ದರು. ಇದ್ದ ಒಂದು ಒಳ್ಳೆಯ ಸೀರೆ ಕೆಸರಾಗುತ್ತದೆಂದು ನಾನು ಇಳಿಯಲಿಲ್ಲ. ಸಹಿಯಾಗದಿದ್ದರೆ ನನಗೆ ಕೆಲಸವಿಲ್ಲ ಎಂದು ಮಾತ್ರ ಎಲ್ಲರೆದುರೂ ಗೋಳು ಹೇಳಿಕೊಂಡಿದ್ದೆ.

ಅವಧಿ ಮುಗಿಯುತ್ತ ಬಂದರೂ ಆದದ್ದು ಹನ್ನೆರಡೇ ಭೇಟಿ. ಉಳಿದ ಎಂಟನ್ನು ಕೋಣೆಯಲ್ಲಿ ಕೂತು, ದುಂಡಗಿನ ಅಕ್ಷರದಲ್ಲಿ ಬರೆದುಬಿಟ್ಟೆ. ಅದರಲ್ಲೊಂದು: ‘ಮಗು ಆರೋಗ್ಯವಾಗಿದೆ. ನೀರು ಕುದಿಸಿ ಕೊಡಲು ತಾಯಿಗೆ ತಿಳಿಸಲಾಯಿತು.’

ಮೇಲ್ವಿಚಾರಕಿ ನೇರ ಆ ಮನೆಗೇ ಹೊರಟಾಗ ನಾನು ಹೆದರುತ್ತಲೇ ಹಿಂದೆ ನಡೆದೆ. ಆ ತಾಯಿ ಅಂದು ಗದ್ದೆಗೆ ಹೋಗಿರಲಿಲ್ಲ. ಜಗಲಿಯಲ್ಲಿ ಕೂತು ಮೇಲ್ವಿಚಾರಕಿ ನನ್ನ ಬರಹವನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿ, ನಿಜವೇ ಎಂದು ಕೇಳಿದರು. ಅವಳು ಒಮ್ಮೆ ನನ್ನ ಮುಖ ನೋಡಿದಳು.

“ಹೌದು, ಬಂದಿದ್ರು. ನೀರು ಕುದ್ಸಿ ಕೊಡೂಕೆ ಹೇಳಿದ್ರು. ಮಗು ಚಲೋ ಅದೆ, ಒಳ್ಗೆ ನಿದ್ದೆ ಮಾಡ್ತದೆ.”

ಸಹಿ ಬಿತ್ತು. ಮೇಲ್ವಿಚಾರಕಿ ಬಸ್ಸು ಹಿಡಿಯಲು ಹೊರಟರು. ನಾನು ಖುಷಿಯಲ್ಲಿ ಆ ತಾಯಿಗೆ ಒಂದು ಮಾತನ್ನೂ ಹೇಳದೆ ಅಂಗಳ ದಾಟುತ್ತಿದ್ದೆ. ಅವಳೇ ಕರೆದಳು.

“ಅಕ್ಕೋರೆ, ಈಗ ಒಳ್ಗೆ ಬನ್ನಿ. ಮಗೂಗೆ ಮೂರು ದಿನದಿಂದ ಜ್ವರ, ಹಾಲೂ ಕುಡೂದಿಲ್ಲ.”

“ಅವರೆದುರೇ ಯಾಕೆ ಹೇಳಲಿಲ್ಲ?”

“ಚಲೋ ಅದೆ ಅಂತ ನೀವು ಬರ್ದೀರಿ. ನಾ ಜ್ವರ ಅಂದ್ರೆ ನಿಮ್ಮ ಗತಿ ಎಂತ?”

ಆಸ್ಪತ್ರೆ ಇದ್ದದ್ದು ಭಟ್ಕಳದಲ್ಲಿ. ಮಗು ಉಳಿಯಿತು, ಆದರೆ ಉಳಿಯುತ್ತದೆಂದು ಗೊತ್ತಾದದ್ದು ಎರಡು ದಿನದ ಮೇಲೆ. ಅಂದು ಭಟ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಅವಳು ಕೆಂಡದಂತೆ ಸುಡುತ್ತಿದ್ದ ಮಗುವನ್ನು ಎದೆಗೊತ್ತಿಕೊಂಡು ಕೂತಿದ್ದಳು. ನಾಚಿಕೆಯಿಂದ ನಾನು ಕಿಟಕಿಯತ್ತ ಮುಖ ತಿರುಗಿಸಿದ್ದೆ. ಸ್ವಲ್ಪ ದೂರ ಹೋದ ಮೇಲೆ ಅವಳು ಮೆಲ್ಲಗೆ ಕೇಳಿದಳು:

“ನಿಮ್ಗೆ ಕೆಲ್ಸ ಸಿಕ್ತದಲ್ಲ, ಅಕ್ಕೋರೆ?”