ಹೇಝಲ್ ಟೀಚರ ಗುರ್ಕಾರನೂ ಟೆರೆನ್ಸರ ಬಿಳಿ ಕಲ್ಲುಗಳೂ

ಓಮಾನಿನ ಭಾರತೀಯ ಶಾಲೆಗಳಲ್ಲಿ ಜೀವಶಾಸ್ತ್ರ ಕಲಿಸಿದವರು ಬಹಳ ಮಂದಿ. ಕರಿಹಲಗೆಯ ಮೇಲೆ ಕಪ್ಪೆಯ ಹೃದಯ ಬಿಡಿಸಿ, ಮಕ್ಕಳಿಗೆ ಒಳ್ಳೆಯ ಅಂಕ ತೆಗೆಸಿಕೊಟ್ಟು, ಗೌರವದಿಂದ ನಿವೃತ್ತರಾದವರೂ ಬಹಳ ಮಂದಿ. ಆದರೆ ಶಾಲೆಯ ಗೋಡೆಯಾಚೆ, ಬಿಸಿಲಿಗೆ ಕಾದ ಜಲ್ಲಿಬಯಲಿನಲ್ಲಿ ತನ್ನ ಪಾಡಿಗೆ ಬದುಕಿದ್ದ ಒಂದು ಮುಳ್ಳುಬಾಲದ ಓತಿಯನ್ನು ಊರಿನವರಿಗೆಲ್ಲ ನೆಂಟನನ್ನಾಗಿ ಮಾಡಿಕೊಟ್ಟವರು ಬುರೈಮಿಯ ನಮ್ಮ ಹೇಝಲ್ ಟೀಚರ್ ಒಬ್ಬರೇ. ಅವರ ಪಾಠದ ಬಗ್ಗೆ, ಶಿಸ್ತಿನ ಬಗ್ಗೆ ಬಲ್ಲವರು ಈ ಅಭಿನಂದನಾ ಸಂಪುಟದಲ್ಲಿ ಬರೆದಿದ್ದಾರೆ. ಇಲ್ಲಿ ಹೇಳಹೊರಟಿರುವುದು ಹೆಚ್ಚಾಗಿ ಅವರ ಯಜಮಾನರಾದ ಟೆರೆನ್ಸ್ ಅವರ ಕಥೆ. ಟೀಚರ್ ಆ ಓತಿಯನ್ನು ಎಷ್ಟು ಪ್ರೀತಿಸಿದರೆಂಬುದಕ್ಕೆ, ಅದರ ಮೇಲೆ ವರ್ಷಗಟ್ಟಲೆ ಹೊಟ್ಟೆಕಿಚ್ಚು ಪಟ್ಟ ಗಂಡನಿಗಿಂತ ಒಳ್ಳೆಯ ಸಾಕ್ಷಿ ಬೇರೆ ಎಲ್ಲಿ ಸಿಗಬೇಕು?

ಮದುವೆಯಾದ ಹೊಸತರಲ್ಲಿ ಈ ದಂಪತಿ ಮಸ್ಕತ್ತಿನ ಹಮ್ರಿಯಾದ ಒಂದು ಫ್ಲ್ಯಾಟಿನಲ್ಲಿದ್ದರು. ಟೆರೆನ್ಸರ ಲಾರಿ ಕಂಪನಿ ಬುರೈಮಿಯಲ್ಲಿ ಶಾಖೆ ತೆರೆದು ಅವರನ್ನು ಅಲ್ಲಿಗೆ ಕಳುಹಿಸಿದಾಗ ಟೀಚರಿಗೂ ಅಲ್ಲಿನ ಶಾಲೆಯಲ್ಲಿ ಕೆಲಸ ಸಿಕ್ಕಿತು. ಟೆರೆನ್ಸರ ಲೆಕ್ಕಾಚಾರ ಸರಳವಾಗಿತ್ತು. ಹೆಂಡತಿ ನಿವೃತ್ತಳಾಗುವ ತನಕ ಇಲ್ಲಿ. ಆಮೇಲೆ ಮಂಗಳೂರಿನ ಕುಲಶೇಖರದ ಮನೆ, ಅದರ ಸಿಟೌಟಿನಲ್ಲಿ ಎರಡು ಕುರ್ಚಿ, ಸಂಜೆಯ ಚಹಾ. ಇಷ್ಟು ವರ್ಷ ಶಾಲೆಯ ಮಕ್ಕಳಿಗೆ ಹಂಚಿಹೋದ ಹೆಂಡತಿ ಕೊನೆಗೊಮ್ಮೆ ಪೂರ್ತಿಯಾಗಿ ತನಗೆ ಸಿಗುತ್ತಾಳೆಂಬ ಆಸೆಯನ್ನು ಅವರು ಯಾರಿಂದಲೂ ಮುಚ್ಚಿಟ್ಟವರಲ್ಲ.

ಆ ಆಸೆಗೆ ಪಾಲುದಾರನೊಬ್ಬ ಹುಟ್ಟಿಕೊಂಡದ್ದು ತರಗತಿಯ ಒಂದು ಪ್ರಶ್ನೆಯಿಂದ. ಅಮೆರಿಕದ ಮರುಭೂಮಿಯ ಕೊಂಬಿನ ಓತಿಯ ಚಿತ್ರ ನೋಡಿದ ಮಗುವೊಂದು, ಅದರ ಸಂತತಿ ಕ್ಷೀಣಿಸುತ್ತಿದೆ ಎಂದು ಕೇಳಿ ಕಣ್ಣಲ್ಲಿ ನೀರು ತಂದುಕೊಂಡು, "ಮ್ಯಾಮ್, ಡು ವಿ ಹ್ಯಾವ್ ಒನ್ ಹಿಯರ್?" ಎಂದಿತಂತೆ. ನಮ್ಮದಕ್ಕೆ ಕೊಂಬು ಬಾಲದಲ್ಲಿದೆ, ಬಾ ತೋರಿಸುತ್ತೇನೆ ಎಂದು ಟೀಚರ್ ಆ ಶನಿವಾರವೇ ಮಕ್ಕಳನ್ನು ಬಯಲಿಗೆ ಕರೆದೊಯ್ದರು. ಅರಬರು 'ಧಬ್' ಎನ್ನುವ ಆ ಪ್ರಾಣಿಯ ಬಾಲ ನಮ್ಮ ಹಲಸಿನ ಸಿಪ್ಪೆಯಂತೆ ಮುಳ್ಳುಮುಳ್ಳು, ಮೈ ಬೆಳಗ್ಗೆ ಮಸಿಬಣ್ಣ, ಬಿಸಿಲೇರಿದಂತೆ ಹಳದಿ, ತಿನ್ನುವುದು ಸೊಪ್ಪುಸದೆ. ಬಿಲದಿಂದ ಅರ್ಧ ಹೊರಬಂದು, ಕತ್ತೆತ್ತಿ, ನಿಧಾನಕ್ಕೆ ಆಚೀಚೆ ನೋಡುವ ಅದರ ಠೀವಿ ಕಂಡು ಟೀಚರಿಗೆ ತಮ್ಮೂರ ಇಗರ್ಜಿಯ ವಾಡೆಯ ಹಿರಿಯ, ಅಂದರೆ ಗುರ್ಕಾರ್, ನೆನಪಾದ. ಆ ಬಯಲಿನ ಅತಿ ದೊಡ್ಡ ಧಬ್‌ಗೆ ಅಂದಿನಿಂದ ಅದೇ ಹೆಸರು.

ಟೀಚರಿಗೆ ಕಾರು ಓಡಿಸಲು ಬಾರದು. ಹಾಗಾಗಿ ಪ್ರತಿ ಶನಿವಾರ ಚಾಲಕರು ಟೆರೆನ್ಸರೇ. ನೆರಳು ಬಿಲದ ಮೇಲೆ ಬೀಳಬಾರದು, ಮಾತಾಡಬಾರದು, ಕೆಮ್ಮಲೂಬಾರದು ಎಂಬ ಕಟ್ಟುಪಾಡುಗಳಿಗೆ ಹೆದರಿ ಅವರು ಕಾರಿನಲ್ಲೇ ಕೂರುತ್ತಿದ್ದರು. ಕೂತು, ಇಬ್ಬರಿಗೆಂದು ತಂದ ಫ್ಲಾಸ್ಕಿನ ಚಹಾವನ್ನು ಸೇಡಿಗೆಂದೇ ಒಬ್ಬರೇ ಕುಡಿದು ಮುಗಿಸುತ್ತಿದ್ದರು. ದಾರಿಯಲ್ಲಿ, ಕ್ರೈಸ್ತರನ್ನು ಊರಿನ ರೂಢಿಯಂತೆ ಪೊರ್ಬು ಎಂದೇ ಕರೆಯುವ ಕಿರಾಣಿ ಅಂಗಡಿಯ ಹಾಜಬ್ಬ ಕಂಡರಂತೂ ಮುಗಿಯಿತು.

"ಎಂತ ಪೊರ್ಬುಗಳೇ, ಇವತ್ತೂ ಸವತಿಯ ಮನೆಗಾ?"

"ಸವತಿ ಅಲ್ಲ ಮಾರಾಯ್ರೆ, ಅದು ಗಂಡು."

"ಹಾಗಾದ್ರೆ ಇನ್ನೂ ಕಷ್ಟ!"

ನಗು ನಗುವೇ ಸರಿ, ಉರಿ ಉರಿಯೇ. ಫ್ರಿಜ್ಜಿನ ಬಾಗಿಲಿಗೆ ಗುರ್ಕಾರನ ಫೋಟೋ ಬಂತು. ಮದುವೆಯ ಫೋಟೋ ಕಪಾಟಿನೊಳಗೇ ಉಳಿಯಿತು. ಚಳಿಗಾಲವಿಡೀ ಬಿಲದೊಳಗೆ ಮಲಗಿದ್ದ ಧಬ್ ಮೊದಲ ಬಿಸಿಲಿಗೆ ತಲೆ ಹೊರಹಾಕಿದ ದಿನ, ಯಾರಿಗೂ ಗಟ್ಟಿಯಾಗಿ ಉಸಿರಾಡಲೂ ಬಿಡದ ಟೀಚರ್ ತಾವೇ "ಬಂದ, ಬಂದ!" ಎಂದು ಕೂಗಿ ಕಾರಿನ ತನಕ ಓಡಿಬಂದರಂತೆ. ಮನೆಯಲ್ಲಿ ಆಡುವ ಕೊಂಕಣಿಯಲ್ಲಿ ಟೆರೆನ್ಸ್ ಅಂದು ಕೇಳಿದ ಮಾತು ನಮ್ಮಲ್ಲಿ ಗಾದೆಯಾಗಿಬಿಟ್ಟಿದೆ: "ಊರಿಂದ ರಜೆ ಮುಗಿಸಿ ನಾನು ಎಷ್ಟು ಸಲ ಬಂದಿದ್ದೇನೆ. ಒಂದು ಸಲ ಹೀಗೆ ಓಡಿಬಂದಿದ್ದೀಯಾ?"

ಟೀಚರ್ ನಕ್ಕರು. ಅವರಿಗೆ ಬೇರೆ ಚಿಂತೆ ಇತ್ತು. ವಾರಾಂತ್ಯಕ್ಕೆ ಬಯಲಿನಲ್ಲಿ ಜೀಪು ಓಡಿಸುವ ಹುಡುಗರು ಹೆಚ್ಚಿದ್ದರು. ಧಬ್‌ನ ಮಾಂಸ ಮೈಗೆ ಬಲವೆಂದು ನಂಬಿ, ಬಿಲಕ್ಕೆ ನೀರು ಸುರಿದು ಹೊರಗೆಳೆಯುವವರು ಅಲ್ಲಲ್ಲಿ ಕಾಣಿಸಿಕೊಂಡಿದ್ದರು. ಮೊದಲ ವರ್ಷ ಮಕ್ಕಳು ಕಂಡ ಬಿಲಗಳಲ್ಲಿ ಅರ್ಧಕ್ಕರ್ಧ ಈಗ ಜೇಡರ ಬಲೆ ಕಟ್ಟಿದ ಬರೀ ತೂತುಗಳಾಗಿದ್ದವು. ತಂಟೆ ಮಾಡಿದ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸದೆ ಶನಿವಾರ ಬಯಲಿಗೆ ಕರೆದೊಯ್ದು ಪಕ್ಕದಲ್ಲಿ ಸುಮ್ಮನೆ ಕೂರಿಸಿಕೊಳ್ಳುತ್ತಿದ್ದ ಟೀಚರಿಗೆ, ನಾಳೆ ಮಕ್ಕಳಿಗೆ ಏನನ್ನು ತೋರಿಸಲಿ ಎಂಬುದೇ ದೊಡ್ಡ ಪ್ರಶ್ನೆಯಾಯಿತು.

ಅಂಥ ಸಮಯದಲ್ಲಿ ಅವರ ಹಳೆಯ ವಿದ್ಯಾರ್ಥಿ, ಈಗ ಎಂಜಿನಿಯರ್ ಆಗಿರುವ ಸಫ್ವಾನ್ ಬಂದು, ಉಳಿದ ಬಿಲಗಳ ಜಾಗವನ್ನೆಲ್ಲ ತನ್ನ ಫೋನಿನ ನಕ್ಷೆಯಲ್ಲಿ ಗುರುತು ಹಾಕಿಕೊಟ್ಟ. ಟೀಚರ ಸಂತೋಷಕ್ಕೆ ಪಾರವಿರಲಿಲ್ಲ. ಊಟಕ್ಕೆ ಕೂರಿಸಿ, ಅಂಜಲ್ ಮೀನಿನ ನಡುವಿನ ತುಂಡನ್ನು ಅವನ ತಟ್ಟೆಗೆ ಹಾಕಿ, ಗಂಡನ ಕಡೆ ತಿರುಗಿ, "ಸಫ್ವಾನನಿಗೆ ಹೊಳೆದದ್ದು ನಮಗೆ ಯಾಕೆ ಹೊಳೆಯಲಿಲ್ಲ ಟೆರಿ?" ಎಂದರು. ಟೆರೆನ್ಸರ ತಟ್ಟೆಯಲ್ಲಿದ್ದದ್ದು ಬಾಲದ ತುಂಡು. ಗಂಟಲಲ್ಲಿ ಸಿಕ್ಕಿಕೊಂಡದ್ದು ಈ ಮಾತು. ಓತಿಯೊಂದು ಸಾಲದೆಂದು ಈಗ ಇವನೂ!

ಮುಂದಿನ ವಾರ ಪರೀಕ್ಷಾ ಕೆಲಸಕ್ಕೆಂದು ಟೀಚರ್ ಸಲಾಲಾಕ್ಕೆ ಹೋದರು. ಟೆರೆನ್ಸರಿಗೆ ಊರ ಹಬ್ಬದ ಸಮಯ ನೆನಪಾಯಿತು: ಇಗರ್ಜಿಯ ದಾರಿಯುದ್ದಕ್ಕೂ ಸುಣ್ಣ ಬಳಿದ ಮುರಕಲ್ಲುಗಳು, ಯಾವ ಗಾಡಿಯೂ ಅವನ್ನು ದಾಟಿ ಒಳಗೆ ಬಾರದು. ಅವರು ಬಿಳಿ ಪೇಂಟಿನ ಡಬ್ಬ ತಂದರು. ಒಂದೊಂದು ಬಿಲದ ಪಕ್ಕದಲ್ಲೂ ಜೀಪಿನವರಿಗೆ ದೂರದಿಂದಲೇ ಕಾಣುವಂತೆ ಒಂದೊಂದು ಬಿಳಿ ಕಲ್ಲು ನಿಲ್ಲಿಸಿದರು. ಗುರ್ಕಾರನ ಬಿಲಕ್ಕೆ, ಎಷ್ಟಾದರೂ ಗುರ್ಕಾರನಲ್ಲವೇ ಎಂದು, ಎಲ್ಲಕ್ಕಿಂತ ದೊಡ್ಡ ಕಲ್ಲು. ಬೆನ್ನು ಹಿಡಿದುಕೊಂಡರೂ ಮನಸ್ಸು ಹಗುರವಾಗಿತ್ತು. ಬರಲಿ ಅವಳು, ನೋಡಲಿ!

ಅವರು ಬಂದರು, ನೋಡಿದರು. ಬಿಳಿ ಕಲ್ಲಿದ್ದ ಕಡೆಯಲ್ಲೆಲ್ಲ ಮಣ್ಣು ಅಗೆದಿತ್ತು. ನೀರು ಸುರಿದ ಬಿಲದ ಬಾಯಿಗಳು ಕುಸಿದು ಕೆಸರು ಒಣಗಿತ್ತು. ಖಾಲಿ ಕ್ಯಾನುಗಳು ಬಿದ್ದಿದ್ದವು. ಜೀಪಿನವರಿಗೆ ಎಚ್ಚರಿಕೆಯೆಂದು ಇಟ್ಟ ಕಲ್ಲು ಬೇಟೆಯವರಿಗೆ ಅಂಗಡಿಯ ಬೋರ್ಡಾಗಿತ್ತು. ದೊಡ್ಡ ಕಲ್ಲಿನ ಬಳಿಯ ಬಿಲವಂತೂ ಗುರುತು ಸಿಗದ ಹಾಗೆ ಹಾಳಾಗಿತ್ತು.

"ಯಾರು ಇಟ್ಟದ್ದು ಇದನ್ನು?"

"ನಾನು."

"ಯಾಕೆ ಟೆರಿ?"

"ನನಗೂ ಏನಾದರೂ ಹೊಳೆಯುತ್ತದೆ ಅಂತ ನಿನಗೆ ತೋರಿಸಲಿಕ್ಕೆ."

ಫ್ಲಾಸ್ಕಿನ ಚಹಾ ಅಂದು ಇಬ್ಬರೂ ಮುಟ್ಟದೆ ತಣ್ಣಗಾಯಿತು. ಮರುದಿನ ಬೆಳಗ್ಗೆ ಟೀಚರ್ ಕೇಳಿದ್ದು ಒಂದೇ: "ಪೇಂಟ್ ಉಳಿದಿದೆಯಾ?"

"ಸ್ವಲ್ಪ ಇದೆ."

"ಅದು ಸಾಕಾಗಲಿಕ್ಕಿಲ್ಲ. ಇನ್ನೆರಡು ಡಬ್ಬ ತಾ."

ಆ ಶನಿವಾರ ಬುರೈಮಿಯ ಕನ್ನಡದ ಸಂಸಾರಗಳೆಲ್ಲ ಬಯಲಿನಲ್ಲಿದ್ದವು. ಬಿಲವೇ ಇಲ್ಲದ ಕಡೆ, ಎಲ್ಲೆಂದರಲ್ಲಿ, ಕಣ್ಣು ಹಾಯುವಷ್ಟು ದೂರ ಬಿಳಿ ಕಲ್ಲು ನಿಲ್ಲಿಸಬೇಕು. ಬೇಟೆಯವರು ಅಗೆದು ಅಗೆದು ಸುಸ್ತಾಗಬೇಕು. "ಎಲ್ಲಾ ಕಡೆ ಬೋರ್ಡು, ಅಂಗಡಿ ಮಾತ್ರ ಇಲ್ಲ! ಇದು ನನ್ನ ವ್ಯಾಪಾರಕ್ಕಿಂತ ಲಾಯ್ಕುಂಟು ಟೀಚರೇ," ಎಂದು ಹಾಜಬ್ಬ ಕಲ್ಲು ಹೊರುತ್ತಲೇ ನಗಿಸಿದರು. ಮೊದಲ ಕಲ್ಲುಗಳನ್ನು ಯಾರು ಇಟ್ಟರೋ ಎಂದು ಸಫ್ವಾನ್ ಕೇಳಿದಾಗ ಟೀಚರ್ ಬಗ್ಗಿದ ತಲೆ ಎತ್ತದೆ, "ಯಾರೋ ಒಳ್ಳೆಯ ಮನಸ್ಸಿನವರು ಇರಬೇಕು," ಎಂದಷ್ಟೇ ಹೇಳಿದರು. ಟೀಚರ ದಯೆಯ ಪ್ರಸಂಗಗಳನ್ನು ಹಲವರು ಬಲ್ಲರು. ಆದರೆ ತನ್ನ ಎದೆಗೇ ಪೆಟ್ಟು ಬಿದ್ದಾಗಲೂ ಪೆಟ್ಟು ಕೊಟ್ಟವನ ಮಾನ ಕಾಯ್ದ ಆ ಒಂದು ಮಾತಿನ ಮುಂದೆ ಅವೆಲ್ಲ ಸಣ್ಣವು. ಹೆಸರು ಹೊರಬಿದ್ದದ್ದು ಆಮೇಲಿನ ಕ್ರಿಸ್‌ಮಸ್ ಕೂಟದಲ್ಲಿ, ಟೆರೆನ್ಸರೇ ಎದ್ದು ನಿಂತು ಹೇಳಿದಾಗ.

ಅಗೆತ ಪೂರಾ ನಿಲ್ಲಲಿಲ್ಲ, ಕಡಿಮೆಯಾಯಿತು. ಕೆಲವು ಬಿಲಗಳು ಮತ್ತೆ ತೆರೆದವು. ಗುರ್ಕಾರ್ ಮಾತ್ರ ಕಾಣಲಿಲ್ಲ. ಟೀಚರಿಗೆ ಸೇವೆಯ ಕೊನೆಯ ವರ್ಷದ ಬೋರ್ಡ್ ಪರೀಕ್ಷೆಯ ಗಡಿಬಿಡಿ; ಶನಿವಾರವೂ ವಿಶೇಷ ತರಗತಿ. ಹಾಗಾಗಿ ಬಯಲಿಗೆ ಹೋಗುತ್ತಿದ್ದವರು ಟೆರೆನ್ಸ್ ಒಬ್ಬರೇ. ಕಾರಿನಿಂದ ಇಳಿದು, ನೆರಳು ಬೀಳದ ಕಡೆ ನೋಡಿಕೊಂಡು, ಕೆಮ್ಮು ಬಂದರೆ ಟವೆಲ್ಲಿಗೆ ಕೆಮ್ಮಿ ಕೂರುವುದನ್ನು ಕಲಿತರು. ವೈರಿ ತೊಲಗಿದನೆಂದು ಹಗುರಾಗಬೇಕಿದ್ದ ಮನಸ್ಸು, ಖಾಲಿ ಬಿಲದ ಮುಂದೆ ದಿನದಿಂದ ದಿನಕ್ಕೆ ಭಾರವಾಯಿತು.

ಚಳಿ ಇಳಿದ ಒಂದು ಬೆಳಗ್ಗೆ, ದೊಡ್ಡ ಕಲ್ಲಿನಿಂದ ತುಸು ಆಚೆ ಹೊಸ ಬಿಲವೊಂದರಿಂದ ಮಸಿಬಣ್ಣದ ತಲೆಯೊಂದು ಹೊರಬಂತು. ಬಾಲದ ತುದಿ ಇಲ್ಲ. ಯಾರೋ ಎಳೆದಿದ್ದಾರೆ, ಕೊಸರಿಕೊಂಡು ಹೋಗಿದ್ದಾನೆ. ಆಚೀಚೆ ನೋಡಿ, ಅವಸರವಿಲ್ಲದೆ ನಡೆದು, ಟೆರೆನ್ಸರದೇ ಬಿಳಿ ಕಲ್ಲಿನ ಮೇಲೆ ಹತ್ತಿ ಬಿಸಿಲಿಗೆ ಮೈಯೊಡ್ಡಿ ಕೂತ. ಶಾಲೆಯ ಬಿಡುವಿನ ಹೊತ್ತಿಗೆ ಟೀಚರ ಫೋನು ಬಡಿಯಿತು.

"ಬಂದ, ಬಂದ!"

"ಯಾರು?"

"ಇನ್ಯಾರು? ಗುರ್ಕಾರ್!"

ಆ ಕಡೆಯಿಂದ ಮೂಗೆಳೆದ ಸದ್ದು. ಆಮೇಲೆ, "ಅಷ್ಟು ವರ್ಷ ಕಾದದ್ದು ನಾನು. ನಾನಿಲ್ಲದಾಗಲೇ ಬರಬೇಕಿತ್ತಾ ಅವನಿಗೆ?"

ಆ ಸ್ವರವನ್ನು ಟೆರೆನ್ಸ್ ಚೆನ್ನಾಗಿ ಬಲ್ಲರು. ಅದು ಅವರದೇ ಸ್ವರ.

ನಿವೃತ್ತಿ ಹತ್ತಿರ ಬಂದಾಗ ಟೀಚರ್, ಗಂಡನ ಬಹುದಿನದ ಆಸೆ ನೆನೆದು, ಊರಿಗೆ ಹೊರಡುವ ಮಾತು ತೆಗೆದರು: "ಇಷ್ಟು ವರ್ಷ ನೀನು ಕಾದಿದ್ದೀಯಲ್ಲ."

"ಕುಲಶೇಖರದ ಕುರ್ಚಿ ಎಲ್ಲಿಗೂ ಓಡಿಹೋಗುವುದಿಲ್ಲ. ವೀಸಾ ಕೊಡುವ ನಮ್ಮ ಧಣಿ, ಕಫೀಲ್ ಹತ್ತಿರ ಮಾತಾಡಿ ಆಯ್ತು, ನನ್ನ ಕೆಲಸ ಮುಂದುವರಿಯುತ್ತದೆ. ನೀನು ನನ್ನ ವೀಸಾದಲ್ಲಿ ಇರು," ಎಂದರು ಟೆರೆನ್ಸ್. ಹಾಗೆಂದು ಹೊಟ್ಟೆಕಿಚ್ಚು ಆರಿತೇ ಎಂದರೆ, ಇಲ್ಲ. ಮನೆ ಬದಲಿಸಿತು, ಅಷ್ಟೇ.

ಧಬ್‌ಗಳು ದೀರ್ಘಾಯುಷಿಗಳೆಂದು ನಮಗೆ ಕಲಿಸಿದವರು ಹೇಝಲ್ ಟೀಚರ್. ಆ ಆಯಸ್ಸು ಅವರಿಬ್ಬರಿಗೂ ಒದಗಲಿ. ಶಾಲೆಯ ಗಂಟೆಯ ಹಂಗಿಲ್ಲದ ಅವರ ಶನಿವಾರಗಳು ವಾರವಿಡೀ ಹಬ್ಬಲಿ. ಬಯಲಿನ ಮಿಕ್ಕ ಬಿಲಗಳಿಗೆ ಅವರ ಕಾವಲೂ, ನಮ್ಮ ಮಕ್ಕಳಿಗೆ ಅವರ ಪಾಠವೂ ತಪ್ಪದಿರಲಿ ಎಂದು ಬುರೈಮಿಯ ನಾವೆಲ್ಲರೂ ಮನಸಾರೆ ಹಾರೈಸುತ್ತೇವೆ. ಈಗಲೂ ಅವರು ಜೊತೆಯಾಗಿ ಬಯಲಿಗೆ ಹೋಗುತ್ತಾರೆ. ಟೆರೆನ್ಸ್ ಹತ್ತಿರ ಕೂತರೆ ಗುರ್ಕಾರ್ ಕದಲುವುದಿಲ್ಲ. ಇಷ್ಟು ತಿಂಗಳು ಕಾಣದಿದ್ದ ಟೀಚರ್ ಬಂದರೆ ಸರ್ರನೆ ಒಳಗೆ. ಆದ್ದರಿಂದ ಟೀಚರ್ ಕಾರಿನಲ್ಲೇ ಕೂತು ನೋಡುತ್ತಾರೆ. ಕೂತು, ಫ್ಲಾಸ್ಕಿನ ಚಹಾವನ್ನು ಒಬ್ಬರೇ ಕುಡಿದು ಮುಗಿಸುತ್ತಾರೆ.